ಎಲೆಯ ಮುಂದೆ ಕೂತು ಉಣ್ಣದವರು

6 ಜನವರಿ 2025, ಸೋಮವಾರ
ಮಕ್ತಲ್

ಇವತ್ತು ನನ್ನ ಮುಖಕ್ಕೆ ಮಂಗಳಾರತಿ ಆಯಿತು.

ವಾರದಿಂದ ಊರೆಲ್ಲ ಸಾರಿಕೊಂಡು ತಿರುಗಿದ್ದೆ. ಹೈದರಾಬಾದಿನಿಂದ ಸಿನಿಮಾದವರು ಬರುತ್ತಾರೆ, ಈ ಶಂಕ್ರಮ್ಮನ ಅಳುವ ಹಾಡೇ ಬೇಕಂತೆ, ಪಿಚ್ಚರಿನಲ್ಲಿ ಹಾಕುತ್ತಾರಂತೆ ಅಂತ. ಪಕ್ಕದ ಮನೆ ಸುಗುಣಮ್ಮನ ಒಳ್ಳೆ ನಾರಾಯಣಪೇಟೆ ಸೀರೆ ಕೇಳಿ ತಂದು ಉಟ್ಟಿದ್ದೆ. ಮುಖಕ್ಕೆ ಪೌಡರು ಬೇರೆ. ಕಾರಿನಿಂದ ಇಳಿದವಳು ಪ್ರಶಾಂತಿ ಅಂತ ಒಬ್ಬ ಹುಡುಗಿ, ಡೈರೆಕ್ಟರನ ಅಸಿಸ್ಟೆಂಟು. ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ ತೆಲುಗಿನಲ್ಲಿ, "ಅಮ್ಮಾ, ಮೀರು ಕಾದು" ಎಂದಳು. ನಾನಲ್ಲವಂತೆ. ಅಳುವವಳು ಬೇರೆಯಂತೆ. ಅಮೆರಿಕದಿಂದ ಬರುತ್ತಾಳಂತೆ, ಲೋಕವೆಲ್ಲ ಹೊಗಳುವ ನಟಿಯಂತೆ, ಹೆಸರು ಕೋರಾ ಡೆಲ್ಟನ್ ಅಂತೆ. ನಾನು ಅವಳಿಗೆ ಹೇಳಿಕೊಡಬೇಕಂತೆ.

ಕಥೆ ಏನೆಂದರೆ, ನಿಜಾಮನ ಕಾಲದಲ್ಲಿ ಅಮೆರಿಕದ ನರ್ಸಮ್ಮ ಒಬ್ಬಳು ಈ ಕಡೆ ಬಂದು, ನಮ್ಮ ಸೂಲಗಿತ್ತಿಯ ಜೊತೆ ಹೆರಿಗೆ ಮಾಡಿಸುತ್ತ ಮಾಡಿಸುತ್ತ ಇಲ್ಲೇ ಮುದುಕಿಯಾಗುತ್ತಾಳೆ. ಕೊನೆಗೆ ಸೂಲಗಿತ್ತಿ ಸಾಯುತ್ತಾಳೆ. ನರ್ಸಮ್ಮ ಅವಳ ಮುಂದೆ ಕೂತು ನಮ್ಮ ಮಾತಿನಲ್ಲಿ, ನಮ್ಮ ಪದ್ಧತಿಯಲ್ಲಿ ಹಾಡಿ ಅಳಬೇಕು.

ಹಾಡಿ ಅಳುವುದು ಅಂದರೆ ಈ ಕಾರಿನವರಿಗೆ ಏನು ಗೊತ್ತು? ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ, ಎದುರಿಗೆ ಕೂತು, ಅವರ ಗುಣ ಒಂದೊಂದೇ ಎತ್ತಿ, ಅವರ ಜೊತೆಯೇ ಮಾತಾಡುತ್ತ ರಾಗ ಹಿಡಿದು ಅಳಬೇಕು. ಕೆ.ಟಿ. ದೊಡ್ಡಿಯಿಂದ ನಾರಾಯಣಪೇಟೆ ತನಕ ಯಾರ ಮನೆಯಲ್ಲಿ ಸಾವಾದರೂ ನನಗೆ ಕರೆ ಬರುತ್ತದೆ. ನಾನು ಬಾಯಿ ತೆಗೆದರೆ ಕಲ್ಲಿನಂಥ ಗಂಡಸರೂ ಟವೆಲು ಮುಖಕ್ಕೆ ಹಿಡಿಯುತ್ತಾರೆ. ಈಗ ನನ್ನ ಬಾಯಿ ಬೇಕು, ನನ್ನ ಮೋರೆ ಬೇಡ. ನಾನೇನು ನಾಟಕ ಕಾಣದವಳೇ? ಕಂಪನಿಯಲ್ಲಿ ಏಳು ವರ್ಷ ಹಿರೋಯಿನ್ ಪಾರ್ಟು ಮಾಡಿದವಳು ನಾನು. ಗದ್ವಾಲದಲ್ಲಿ ನನ್ನನ್ನು ನೋಡಲು ಜನ ಗಿಡ ಹತ್ತಿ ಕೂರುತ್ತಿದ್ದರು.

ಮನೆಯಲ್ಲಿ ಇವರಿಗೆ, ನನ್ನ ಗಂಡನಿಗೆ, ಎಲ್ಲ ಹೇಳಿದೆ. ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಅಯ್ಯಣ್ಣ, ದಸರೆಯಿಂದ ಈಚೆಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿ ಮಂಚದ ಮೇಲೆ ಮಲಗಿದ್ದಾರೆ. ಮಾತೂ ಇಲ್ಲ. ನಾನು ಬೈದಷ್ಟೂ ಹೊತ್ತು ಎಡಗೈ ಬೆರಳನ್ನು ಹೊದಿಕೆಯ ಮೇಲೆ ಒತ್ತುತ್ತಿದ್ದರು. ನನ್ನ ಬೈಗುಳಕ್ಕೂ ಪೇಟಿ ಹಿಡಿಯುವ ಗಂಡ!

9 ಜನವರಿ, ಗುರುವಾರ

ಮಗಳು ಕರುಣಾ ನಾರಾಯಣಪೇಟೆಯಿಂದ ಫೋನು ಮಾಡಿ, "ಯವ್ವಾ, ಆಕೀ ಅಂದ್ರ ಏನಂತ ತಿಳದೀ? ಜಗತ್ತಿನಾಗ ಆಕೀ ಹೆಸರು ಐತಿ. ಇಲ್ಲ ಅನಬ್ಯಾಡ" ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿ ಅವಳ ಪರ ಮಾತಾಡುತ್ತಾಳೆ. ಆ ಅಮೆರಿಕದ ಮುದುಕಿಯ ಪಿಚ್ಚರುಗಳ ತುಂಡುಗಳನ್ನು ಬೇರೆ ಕಳಿಸಿದ್ದಾಳೆ.

ತಪ್ಪು ಹುಡುಕುವುದಕ್ಕೆಂದೇ ನೋಡಿದೆ. ಮೊದಲನೆಯ ಪಿಚ್ಚರಿನಲ್ಲಿ ಇನ್ನೂ ಹುಡುಗಿ, ಕುದುರೆ ಕಾಯುವವನ ಮಗಳು. ಅಪ್ಪ ಕುದುರೆ ಮಾರುತ್ತಾನೆ, ಇವಳು ಬೇಲಿ ಹಿಡಿದು ನಿಲ್ಲುತ್ತಾಳೆ. ಅಷ್ಟೇ. ಎದೆ ಬಡಿದುಕೊಳ್ಳುವುದಿಲ್ಲ, ಕೂದಲು ಬಿಚ್ಚುವುದಿಲ್ಲ. ನಮ್ಮ ಕಂಪನಿಯ ಮಾಲಕ ಇದ್ದಿದ್ದರೆ, "ಏನಲೇ, ಬಸ್ ಕಾಯಾಕ ನಿಂತೀಯೇನು?" ಅಂತ ಬೈದು ಸ್ಟೇಜಿನಿಂದ ಇಳಿಸುತ್ತಿದ್ದ.

11 ಜನವರಿ, ಶನಿವಾರ

ಬಂದಳು. ಎತ್ತರ, ಬಿಳಿ ಕೂದಲು, ಕೈ ಮೇಲೆಲ್ಲ ಕಂದು ಮಚ್ಚೆ. ಬಣ್ಣವಿಲ್ಲ, ಒಡವೆಯಿಲ್ಲ. ಇಷ್ಟು ದೊಡ್ಡ ನಟಿಗೆ ಒಂದು ಜೊತೆ ಓಲೆಗೂ ಗತಿಯಿಲ್ಲವೇ? ಹೊಸಲಿನಲ್ಲೇ ಚಪ್ಪಲಿ ಬಿಟ್ಟಳು. ಯಾರೋ ಹೇಳಿಕೊಟ್ಟಿರಬೇಕು.

ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನು ಪ್ರಶಾಂತಿ ತೆಲುಗಿನಲ್ಲಿ ಹೇಳುತ್ತಾಳೆ. ಒಂದು ಸಲ ಹಾಡಿ ತೋರಿಸಬೇಕಂತೆ. ಇವರು ಮಲಗಿದ ಮಂಚ ಅಲ್ಲೇ ಇದೆ, ಅವರ ಮುಂದೆ ಸತ್ತವರ ಹಾಡು ಹಾಡಬೇಕಂತೆ! ನನ್ನ ಮೈಗೆ ಬೆಂಕಿ ಬಿತ್ತು.

"ಜೀವ ಇರೋ ಮನ್ಯಾಗ ಆ ಹಾಡು ಹಾಡಬಾರದವ್ವಾ. ಹಾಡಿದ್ರ ಸಾವು ಬಾಗ್ಲಾಗ ಬಂದು ನಿಂದರತೈತಿ. ನನ್ ಗಂಡನ್ನ ಕೊಲ್ಲಾಕ ಬಂದೀರೇನು?" ಎಂದೆ. ಪ್ರಶಾಂತಿ ಮುಖ ಕಪ್ಪಿಟ್ಟಿತು. ಹಾಗಾದರೆ ನಾರಾಯಣಪೇಟೆಯ ಲಾಡ್ಜಿಗೆ ಬಂದು ಹೇಳಿಕೊಡಿ ಎಂದಳು. ಇವರಿಗೆ ಗಂಜಿ ಯಾರು ಕುಡಿಸುತ್ತಾರೆ, ಮಗ್ಗುಲು ಯಾರು ಹೊರಳಿಸುತ್ತಾರೆ? ಆಗ ಆ ಹುಡುಗಿ ನಿಧಾನಕ್ಕೆ, "ಸರಿ ಅಮ್ಮಾ, ಗದ್ವಾಲದಲ್ಲಿ ಇನ್ನೊಬ್ಬರಿದ್ದಾರಂತೆ" ಎಂದಳು.

ಗದ್ವಾಲದವಳು! ಅವಳು ಅತ್ತರೆ ಹೆಣ ಎದ್ದು ಓಡಬೇಕು, ಹಾಗೆ ಅರಚುತ್ತಾಳೆ.

"ಬುಧವಾರ ಬರ್ರಿ. ಕಲಸ್ತೀನಿ" ಎಂದುಬಿಟ್ಟೆ.

12 ಜನವರಿ, ಭಾನುವಾರ

ನನ್ನ ಹಾಡನ್ನು ಕೊಡುವುದಿಲ್ಲ. ಎಲ್ಲರಿಗೂ ಅತ್ತಿದ್ದೇನೆ, ಆದರೆ ಒಂದು ಹಾಡನ್ನು ಬಾಯಿಂದ ಹೊರಗೆ ಬಿಟ್ಟಿಲ್ಲ. ಅದು ಯಾರಿಗೆ ಅಂತ ಬರೆಯಲಾರೆ. ಶಿವನೇ, ಅದು ನನ್ನ ಹೊಟ್ಟೆಯಲ್ಲೇ ಕೊಳೆತು ಹೋಗಲಿ, ಹಾಡುವ ದಿನ ಬಾರದಿರಲಿ.

ಒಂದು ಉಪಾಯ ಹೊಳೆದಿದೆ. ಕರುಣಾಳ ಮದುವೆಯಲ್ಲಿ ಬೀಗರ ಊಟಕ್ಕೆ ಕೂತಾಗ, ಅವಳ ಅತ್ತೆಯನ್ನು ಛೇಡಿಸಲು ಇವರೇ ಕಟ್ಟಿ ಪೇಟಿ ಹಿಡಿದು ಹಾಡಿದ ಹಾಡೊಂದಿದೆ:

ಎಲಿ ಹಾಸಿ ಕುಂದ್ರಿಸೀವಿ, ಯಾಕ ಉಣವಲ್ಲಿ ಬೀಗತಿ
ತುಪ್ಪೇನು ಕಮ್ಮಿ ಬಿತ್ತೇನ, ಮಾರಿ ತಿರುವಿ ಕುಂತಿ ಬೀಗತಿ
ಉಡಿಯಾಗ ಕಟ್ಟಿಕೊಂಡಿದ್ದು ಎಷ್ಟ ಹೋಳಿಗಿ ಬೀಗತಿ
ಹೇಳದ ಕೇಳದ ಎದ್ದು ಹೊಂಟಿ, ಹೇಳಿ ಹೋಗ ಬೀಗತಿ

ಆ ಬೀಗತಿಯೇ ಬಾಯಲ್ಲಿದ್ದ ಹೋಳಿಗೆ ಉಗುಳುವಷ್ಟು ನಕ್ಕಿದ್ದಳು. ಆಮೇಲೆ ಮಕ್ತಲದಲ್ಲಿ ಈ ಹಾಡಿಲ್ಲದೆ ಒಂದು ಮದುವೆ ಆಗಿಲ್ಲ. ಇದನ್ನೇ ರಾಗ ಎಳೆದು ಕಲಿಸುತ್ತೇನೆ. ಅಮೆರಿಕದ ಮಹಾನಟಿ ಹೆಣದ ಮುಂದೆ ಕೂತು, ಉಡಿಯಲ್ಲಿ ಎಷ್ಟು ಹೋಳಿಗೆ ಕಟ್ಟಿಕೊಂಡೆ ಅಂತ ಕೇಳಲಿ. ನಮ್ಮ ಹೆಂಗಸರು ಬಿದ್ದು ಬಿದ್ದು ನಗಲಿ. ಮನೆಯಲ್ಲಿ ಹಾಡಿದರೂ ದೋಷವಿಲ್ಲ, ಮದುವೆ ಹಾಡು.

15 ಜನವರಿ, ಬುಧವಾರ

ಸಂಕ್ರಾಂತಿಯ ಮಾರನೆಯ ದಿನವೇ ಬಂದಳು. ಮುಖ ಒಂದು ಚೂರೂ ಅಲುಗಿಸದೆ ಕಲಿಸಿದೆ. ಅರ್ಥ ಕೇಳಿದಳು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. "ಎಲೆ ಹಾಕಿ ಕೂಡಿಸಿದ್ದೇವೆ, ಯಾಕೆ ಉಣ್ಣುತ್ತಿಲ್ಲ" ಅಂದರೆ ಸತ್ತವರಿಗೂ ಹೊಂದುತ್ತದೆ. ಬೀಗತಿ ಅಂದರೆ ಸಂಬಂಧಿಕಳು ಎಂದೆ. ತನ್ನ ಫೋನನ್ನು ಮಂಚದ ಕಾಲಿನ ಹತ್ತಿರ ಇಟ್ಟು ಎಲ್ಲವನ್ನೂ ರೆಕಾರ್ಡು ಮಾಡಿ ತುಂಬಿಸಿಕೊಂಡಳು, ಲಾಡ್ಜಿನಲ್ಲಿ ಕೇಳಿ ಕಲಿಯಲು.

ಅವಳ ಬಾಯಲ್ಲಿ ಹೋಳಿಗಿ "ಓಲಿಗಿ" ಆಗುತ್ತದೆ. ಅವಳು ಹಾಗೆ ಮೂರನೆಯ ಸಾಲಿಗೆ ಬಂದಾಗ ಮಂಚದಿಂದ ಒಂದು ಸದ್ದು ಬಂತು. ಗಂಟಲಿಗೆ ಏನಾದರೂ ಸಿಕ್ಕಿತೋ ಅಂತ ಓಡಿದೆ.

ನಗುತ್ತಿದ್ದರು. ಇವರು. ಅರ್ಧ ಬಾಯಿಯಲ್ಲಿ, ಜೊಲ್ಲು ಸುರಿಸುತ್ತ, ಕಣ್ಣಲ್ಲಿ ನೀರು ತುಂಬಿ. ದಸರೆಯಿಂದ ಈಚೆಗೆ ಇದೇ ಮೊದಲು.

"ಯಾಕೆ ನಗ್ತಾರಂತ ಕೇಳ್ತಾರಮ್ಮಾ" ಅಂತ ಪ್ರಶಾಂತಿ ತೆಲುಗಿನಲ್ಲಿ ಕೇಳಿದಳು. "ರೋಗ ಹಂಗ ಐತಿ. ಅಳೂದು ಕೇಳಿದ್ರ ನಗತಾರ" ಎಂದೆ. ಮುದುಕಿ ಇವರನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದಳು. ನೋಡುವ ರೀತಿ ಸರಿಯಿಲ್ಲ, ಎಲ್ಲವನ್ನೂ ಲೂಟಿ ಮಾಡುವವರ ಹಾಗೆ ನೋಡುತ್ತಾಳೆ.

19 ಜನವರಿ, ಭಾನುವಾರ

ಅವಳ ಇನ್ನೂ ನಾಲ್ಕು ಪಿಚ್ಚರು ನೋಡಿದೆ. ತಪ್ಪು ಸಿಗಬೇಕಾದರೆ ಪೂರ್ತಿ ನೋಡಬೇಕಲ್ಲ.

ಕುರುಡಿಯ ಪಾರ್ಟು ಮಾಡಿ ಅಲ್ಲಿಯ ದೊಡ್ಡ ಪ್ರಶಸ್ತಿ ಹೊಡೆದಾಗ ಇವಳಿಗೆ ಇಪ್ಪತ್ತಾರು. ನಾನು ಬಣ್ಣ ಬಿಟ್ಟು ಕರುಣಾಳಿಗೆ ತೊಟ್ಟಿಲು ಕಟ್ಟಿದಾಗ ನನಗೂ ಹೆಚ್ಚುಕಡಿಮೆ ಅಷ್ಟೇ. ನಲವತ್ತು ದಾಟಿದ ಮೇಲೆ ಇವಳನ್ನು ಯಾರೂ ಕೇಳಲಿಲ್ಲವಂತೆ. ಯಾರದೋ ತಾಯಿ, ಯಾರದೋ ಅತ್ತೆ, ಬಂದು ಎರಡು ಮಾತಾಡಿ ಹೋಗುವುದು. ಒಂದರಲ್ಲಿ ಮಗನಿಗೆ ಕಾಫಿ ಕೊಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾಳೆ, ಅಷ್ಟೇ ಪಾರ್ಟು. ಆದರೆ ಬಾಗಿಲು ಹಾಕುವ ಮುಂಚೆ ಆ ಮಗನ ಬೆನ್ನನ್ನು ಒಂದು ಸಲ ನೋಡುತ್ತಾಳೆ. ಅದನ್ನು ನಾಲ್ಕು ಸಲ ಹಿಂದೆ ತಳ್ಳಿ ನೋಡಿದೆ, ಏನು ಮಾಡಿದಳು ಅಂತ ತಿಳಿಯಲಿಲ್ಲ. ಆಮೇಲೆ ಅರವತ್ತರ ಹತ್ತಿರ ಬಂದಾಗ ಜೈಲಿನ ಮುದುಕಿಯಾಗಿ ಮತ್ತೆ ಎದ್ದು ನಿಂತಳಂತೆ. ಬೇಕಿತ್ತೇ ಈ ವಯಸ್ಸಿನಲ್ಲಿ?

ಇವರಿಗೂ ಫೋನು ಹಿಡಿದು ತೋರಿಸಿದೆ. ನಿದ್ದೆ ಹೋದರು.

22 ಜನವರಿ, ಬುಧವಾರ

ಈಗ ಉಚ್ಚಾರ ಸುಧಾರಿಸಿದೆ, ನಾನು ಹೊಡೆದ ಹಾಗೆ ತಿದ್ದುತ್ತೇನೆ. ಆದರೆ ಹೋಳಿಗಿ ಬಂದಾಗ ಬೇಕಂತಲೇ ಇವರ ಕಡೆ ತಿರುಗಿ "ಓಲಿಗಿ" ಅನ್ನುತ್ತಾಳೆ. ಇವರು ನಗುತ್ತಾರೆ. ಇವತ್ತು ಆ ಸಾಲು ಬರುವ ಮುಂಚೆಯೇ ಬಾಯಿ ಸೊಟ್ಟ ಮಾಡಿಕೊಂಡು ಕಾಯುತ್ತಿದ್ದರು. ಎಡಗೈ ಬೆರಳು ಹೊದಿಕೆಯ ಮೇಲೆ ಓಡಾಡುತ್ತಿತ್ತು. ಅವಳು ಆ ಬೆರಳು ನೋಡಿಕೊಂಡೇ ತಾಳ ಹಿಡಿದಳು.

ನಲವತ್ತು ವರ್ಷ ಆ ಬೆರಳಿನ ಮೇಲೆ ಹಾಡಿದವಳು ನಾನು. ಈಕೆಗೇನು ಕೆಲಸ?

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಲೆ ಹಾಕಿದೆ. ಖಾರಕ್ಕೆ ಮೂಗು ಕೆಂಪಗಾದರೂ ಬಿಡದೆ ತಿಂದಳು. ಸಾಯಲಿ ಅಂತ ಇನ್ನೊಂದು ರೊಟ್ಟಿ ಹಾಕಿದೆ, ಮೇಲೆ ತುಸು ಬೆಣ್ಣೆ.

26 ಜನವರಿ, ಭಾನುವಾರ

ಬರಲಿಲ್ಲ. ಶೂಟಿಂಗು ಶುರುವಾಗಿದೆಯಂತೆ. ಒಳ್ಳೆಯದೇ ಆಯಿತು, ಪೀಡೆ ತಪ್ಪಿತು. ಗಾಳಿ ಬರಲಿ ಅಂತ ಸಂಜೆ ತನಕ ಬಾಗಿಲು ತೆರೆದೇ ಇಟ್ಟಿದ್ದೆ.

30 ಜನವರಿ, ಗುರುವಾರ

ಸುಗುಣಮ್ಮನ ಜೊತೆ ಜಗಳ. ನಳದ ಹತ್ತಿರ ನಿಂತು, "ಆ ಮುದೇಕಿಗೆ ಏನ್ ಬರತೈತಿ? ನಮ್ಮ ಸಾವು ನೋವು ಆಕೀಗೆ ಏನ್ ಗೊತ್ತು?" ಎಂದಳು.

"ನೀ ಆಕೀ ಪಿಚ್ಚರ್ ಎಷ್ಟ ನೋಡೀಯ?" ಎಂದೆ.

"ನಾ ಯಾಕ ನೋಡ್ಲಿ?"

"ನೋಡ್ಲಾರದ ಮಾತಾಡಬ್ಯಾಡ, ಬಾಯಿ ಮುಚ್ಕೊಂಡು ನೀರು ಹಿಡಿ."

ಬಿಂದಿಗೆ ಕೆಳಗೆ ಬಿತ್ತು, ಸೀರೆ ವಾಪಸು ಕೊಟ್ಟಿಲ್ಲ ಅಂತ ಅದೂ ಎತ್ತಿದಳು. ಆ ಮುದುಕಿಯನ್ನು ಬೈಯುವ ಹಕ್ಕು ನನಗಿದೆ, ನನ್ನ ಹೊಟ್ಟೆ ಉರಿದಿದೆ. ಸುಗುಣಮ್ಮನಿಗೆ ಏನು ಹಕ್ಕು?

3 ಫೆಬ್ರವರಿ, ಸೋಮವಾರ

ಇವತ್ತು ಗದ್ವಾಲದಲ್ಲಿ ಆ ಅಳುವ ಸೀನು. ಕರುಣಾ ಬಂದು ಇವರ ಹತ್ತಿರ ಕೂತಳು, ನಾನು ಹೋದೆ. ಹೋಗದೆ ಇರುತ್ತೇನೆಯೇ? ನಾನು ತುಂಬಿಟ್ಟ ಮದ್ದಿಗೆ ಬೆಂಕಿ ಬೀಳುವ ದಿನ.

ಹಳೆ ಕಲ್ಲುಮನೆಯ ಪಡಸಾಲೆ. ಸೂಲಗಿತ್ತಿಯ ವೇಷದವಳನ್ನು ವಿಭೂತಿ ಬಳಿದು ಗೋಡೆಗೆ ಆನಿಸಿ ಕೂಡಿಸಿದ್ದರು. ಸುತ್ತ ಕೂರಲು ಮಕ್ತಲದಿಂದಲೇ ಬಸ್ಸು ತುಂಬ ಹೆಂಗಸರನ್ನು ತಂದಿದ್ದರು, ಸುಗುಣಮ್ಮನೂ ಇದ್ದಳು. ಎಲ್ಲರಿಗೂ ಆ ಹಾಡು ಕಂಠಪಾಠ. ನಾನು ಕಂಬದ ಮರೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿ ಹಿಡಿದೆ, ನನ್ನ ನಗು ಮೊದಲು ಹೊರಗೆ ಬರಬಾರದು ಅಂತ.

ಕೋರಾ ಬಂದು ಕೂತಳು. ಎದೆ ಬಡಿದುಕೊಳ್ಳಲಿಲ್ಲ. ರಾಗ ಕೂಡ ಎಳೆಯಲಿಲ್ಲ. ನಿಜವಾಗಿಯೂ ಛೇಡಿಸುವವಳ ಹಾಗೆ, ತುಟಿಯಲ್ಲಿ ನಗು ಇಟ್ಟುಕೊಂಡು, "ಯಾಕ ಉಣವಲ್ಲಿ ಬೀಗತಿ" ಎಂದಳು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಖುಷಿಯಾಯಿತು. ಅವಳು ಮುಂದಿನ ಸಾಲಿಗೆ ಹೋಗಲಿಲ್ಲ. ಕಾದಳು. ಉತ್ತರ ಬರುತ್ತದೆ ಅಂತ ಸತ್ತವಳ ಬಾಯಿ ನೋಡುತ್ತ ಕಾದಳು. ಬರಲಿಲ್ಲ. ತುಪ್ಪ ಕಮ್ಮಿ ಬಿತ್ತೇನ ಅಂತ ಕೇಳಿದಳು, ಮತ್ತೆ ಕಾದಳು. ಉಡಿ ಮುಟ್ಟಿ, ಎಷ್ಟು ಹೋಳಿಗಿ ಕಟ್ಟಿಕೊಂಡೀ ಅಂದಾಗ ನಗು ತುಟಿಯ ಮೇಲೆ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ. ಹೇಳಿ ಹೋಗ ಎಂಬಲ್ಲಿ ಮಾತೇ ಹೊರಡಲಿಲ್ಲ, ಬಾಯಿ ಮಾತ್ರ ಆಡಿತು.

ಒಬ್ಬಳೂ ನಗಲಿಲ್ಲ. ಮದುವೆ ಮದುವೆಯಲ್ಲಿ ಆ ಹಾಡಿಗೆ ಚಪ್ಪಾಳೆ ಹೊಡೆದ ಹೆಂಗಸರೇ ಸೆರಗು ಕಣ್ಣಿಗೆ ಒತ್ತಿದರು. ಸುಗುಣಮ್ಮ ಹುಚ್ಚಿಯ ಹಾಗೆ ಬಿಕ್ಕಿದಳು. ಡೈರೆಕ್ಟರು ಕಟ್ ಅಂದ ಮೇಲೂ ಯಾರೂ ಏಳಲಿಲ್ಲ.

ನಲವತ್ತು ವರ್ಷ ಸತ್ತವರನ್ನು ಏನೇನೋ ಕೇಳಿದ್ದೇನೆ. ಒಂದು ಸಲವೂ ಉತ್ತರಕ್ಕೆ ಕಾದವಳಲ್ಲ. ಹಾಳಾಗಿ ಹೋಗಲಿ ಅವಳು. ಹಾಳಾಗಿ ಹೋಗಲಿ.

4 ಫೆಬ್ರವರಿ, ಮಂಗಳವಾರ

ಹೋಗಿ ಬರುತ್ತೇನೆಂದು ಹೇಳಲು ಬಂದಳು. ನಾನು ತಲೆ ಎತ್ತದೆ ಅಕ್ಕಿ ಹಸನು ಮಾಡುತ್ತ ಕೂತಿದ್ದೆ.

ಪ್ರಶಾಂತಿ ಹೇಳಿದಳು: "ಅಮ್ಮಾ, ಅವರಿಗೆ ಮೊದಲನೇ ದಿನವೇ ಗೊತ್ತಾಗಿತ್ತಂತೆ. ಯಾರೂ ಸಾವಿನ ಹಾಡಿಗೆ ಹಾಗೆ ನಗೋದಿಲ್ಲ ಅಂತಾರೆ. ನನ್ನ ಕಡೆಯಿಂದ ಊರಲ್ಲಿ ವಿಚಾರಿಸಿದರು. ಇದು ಬೀಗರ ಹಾಡಂತೆ."

ಮೊರ ಕೈಯಿಂದ ಜಾರಿತು. "ಗೊತ್ತಿದ್ದೂ ಹಾಡಿದಳೇನು?"

ಕೋರಾ ಇವರ ಎಡಗೈ ಹಿಡಿದುಕೊಂಡು ಏನೋ ಹೇಳಿದಳು. ಪ್ರಶಾಂತಿ ಅದನ್ನು ತೆಲುಗಿಗೆ ತಿರುಗಿಸಿದಳು: ಇಷ್ಟು ವರ್ಷ ಎಲ್ಲರೂ ಅಳು ಅಂತ ಅಳುವ ಮಾತನ್ನೇ ಕೊಟ್ಟರು, ಸತ್ತವಳನ್ನು ನಗಿಸಲು ನೋಡು ಅಂತ ಯಾರೂ ಕೊಟ್ಟಿರಲಿಲ್ಲ ಅಂತೆ.

"ನಾ ಕೊಡಲಿಲ್ಲ! ನಿನ್ನ ಮರ್ಯಾದಿ ಕಳಿಯಾಕ ಮಾಡಿದ್ದು ನಾ! ನನ್ ಗಂಡ ಕಟ್ಟಿದ್ದು ಅದು, ಕಳ್ಳೀ, ಮದುವಿ ಹಾಡನ್ನ ಹೆಣದ ಮುಂದ ಇಟ್ಟೀಯಲ್ಲಾ! ಹೋಗು, ಹೊರಗ ಹೋಗು!" ಎಂದು ಬೊಬ್ಬೆ ಹೊಡೆದೆ. ಪ್ರಶಾಂತಿ ತಿರುಗಿಸಿ ಹೇಳಲಿಲ್ಲ, ಅವಶ್ಯವೂ ಇರಲಿಲ್ಲ. ಕೋರಾ ಇವರ ಕಡೆ ಬಗ್ಗಿ "ಓಲಿಗಿ" ಎಂದಳು. ಇವರು ನಕ್ಕರು. ನಾನು ಕಾರಿನ ತನಕ ಹೋಗಲಿಲ್ಲ.

16 ಫೆಬ್ರವರಿ, ಭಾನುವಾರ

ಗಂಜಿ ಇಳಿಯುತ್ತಿಲ್ಲ. ಡಾಕ್ಟರು ನೋಡಿ ಕರುಣಾಳನ್ನು ಹೊರಗೆ ಕರೆದು ಮಾತಾಡಿದರು. ನನ್ನ ಮುಂದೆ ಹೇಳಿದರೆ ಏನಾಗುತ್ತಿತ್ತು?

ನಗಿಸೋಣ ಅಂತ ಆ ಸಾಲು ನಾನು ಹೇಳಿ ನೋಡಿದೆ. ಓಲಿಗಿ ಅಂತಲೂ ಅಂದೆ. ಬೆರಳು ಒಂದು ಸಲ ಅಲುಗಿತು.

2 ಮಾರ್ಚ್, ಭಾನುವಾರ

ಶಿವರಾತ್ರಿಯ ಮಾರನೆಯ ದಿನ ಬೆಳಿಗ್ಗೆ ಇವರು ಹೋದರು. ಬರೆಯಲು ಇವತ್ತು ಕೂತೆ.

ಮಡಿ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದರು. ಪೇಟಿಯನ್ನು ಪಕ್ಕದಲ್ಲಿ ಇಟ್ಟರು. ಮುಂದೆ ಎಲೆ ಹಾಕಿ ಎಡೆ ಬಡಿಸಿದರು. ಓಣಿಯ ಹೆಂಗಸರೆಲ್ಲ ಬಂದು ಕೂತು ನನ್ನ ಬಾಯಿ ನೋಡತೊಡಗಿದರು. ಊರವರ ಸಾವಿಗೆಲ್ಲ ಅತ್ತವಳು ಗಂಡನಿಗೆ ಹೇಗೆ ಅಳುತ್ತಾಳೆ ಅಂತ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಹಾಡು ಇತ್ತಲ್ಲ, ಅದನ್ನು ತೆಗೆಯಲು ಹೋದೆ. ಗದ್ವಾಲದ ಸ್ಟೇಜು, ಪೇಟಿಯ ಮೊದಲ ಸ್ವರ, ಎಲ್ಲ ಜೋಡಿಸಿ ಇಟ್ಟಿದ್ದೆ. ಒಂದು ಸಾಲೂ ಬರಲಿಲ್ಲ. ಕರುಣಾ ಬೆನ್ನು ತಟ್ಟಿ, "ಅಳ ಯವ್ವಾ, ಅಳು" ಎಂದಳು.

ಎಲೆ ನೋಡಿದೆ. ಇವರು ಅದರ ಮುಂದೆ ಮುಖ ಒಂದು ಕಡೆ ವಾಲಿಸಿಕೊಂಡು ಕೂತಿದ್ದರು.

"ಎಲಿ ಹಾಸಿ ಕುಂದ್ರಿಸೀವಿ, ಯಾಕ ಉಣವಲ್ರಿ?" ಎಂದೆ. ನನ್ನ ಬಾಯೇ ಅಂದದ್ದು. ಸುಗುಣಮ್ಮ ಗಾಬರಿಯಾಗಿ ನನ್ನ ಕೈ ಹಿಡಿದಳು. ಕೊಡವಿಕೊಂಡೆ.

"ತುಪ್ಪೇನು ಕಮ್ಮಿ ಬಿತ್ತೇನ್ರಿ? ಮಾರಿ ತಿರುವಿ ಕುಂತೀರಲ್ಲ."

"ಉಡಿಯಾಗ ಎಷ್ಟ ಹೋಳಿಗಿ ಕಟ್ಟಿಕೊಂಡೀರಿ?"

ಈ ಸಾಲಿಗೆ ನಗುತ್ತಿದ್ದರು. ಕಾದೆ. ಎಲ್ಲರೂ ನನ್ನ ಜೊತೆ ಕಾದರು. ಓಣಿಯಲ್ಲಿ ಒಂದು ಆಟೋ ಹೋಯಿತು. ಕೊನೆಯ ಸಾಲನ್ನು ಹಾಡಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಕರುಣಾ ಹೇಳುತ್ತಾಳೆ, ಬಾಯಿ ಮಾತ್ರ ಆಡಿತಂತೆ.

ಹಾಡು ಇವರದು, ಅಳುವ ರೀತಿ ಆ ಮುದುಕಿಯದು. ನಲವತ್ತು ವರ್ಷದ ನನ್ನ ವಿದ್ಯೆ ನನ್ನ ಗಂಡನಿಗೇ ಸಿಗಲಿಲ್ಲ. ಅವಳನ್ನು ನಾನು ಕ್ಷಮಿಸುವುದಿಲ್ಲ. ಪಿಚ್ಚರು ಬಂದರೂ ನೋಡುವುದಿಲ್ಲ.

ಪ್ರಶಾಂತಿ ಫೋನು ಮಾಡಿದ್ದಳು. ಸುದ್ದಿ ಕೇಳಿ ಕೋರಾ ಮೇಡಮ್ ಬಹಳ ನೊಂದಿದ್ದಾರೆ, ಏನಾದರೂ ಬೇಕಾ ಅಂತ ಕೇಳಿದ್ದಾರೆ ಎಂದಳು. ಏನೂ ಬೇಡ ಎಂದು ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಕರುಣಾಳ ಕೈಯಿಂದ ಮತ್ತೆ ಹಚ್ಚಿಸಿದೆ.

"ಮಂಚದ ಕಾಲಿನ ಹತ್ರ ಫೋನ್ ಇಟ್ಟು ತುಂಬಿಸಿಕೊಂಡಿದ್ಲಲ್ಲ, ಅದು ಇನ್ನಾ ಐತೇನು ಕೇಳವ್ವಾ. ಹಾಡು ಕದ್ದಿದ್ದು ಕದ್ದಾಳ, ಇಟ್ಕೊಳ್ಳಲಿ ಅಂತ ಹೇಳು. ಅದರಾಗ ಇವರು ನಗೂದು ಅಷ್ಟ ಕಳಸು ಅನ್ನು."